ಪೊಟರೆಯ ಕಚ್ಚುಗಳು

ಬೂರುಗದ ಮರದ ಪೊಟರೆಯೊಂದರಲ್ಲಿ ಹುಟ್ಟಿ ಬೆಳೆದ ಗೂಬೆ ಅಲ್ಲೇ ಸಂಸಾರ ಹೂಡಿತ್ತು. ಹಗಲೆಲ್ಲ ಮಲಗಬೇಕಾದ ಜೀವ ಅದು. ಮೇಲಿನ ಕೊಂಬೆಗೆ ಮರಕುಟಿಗ ಬಂದಂದಿನಿಂದ ಕಣ್ಣಿಗೆ ನಿದ್ದೆ ಹತ್ತಿರಲಿಲ್ಲ. ಒಂದು ಮಧ್ಯಾಹ್ನ ಅದು ತಡೆಯಲಾರದೆ ಮೇಲೆ ಹಾರಿ ಗದರಿತು: “ಏನಯ್ಯಾ, ಈ ಮರ ನಿನ್ನೊಬ್ಬನದೇನು? ಕುಟ್ಟುವುದನ್ನು ನಿಲ್ಲಿಸು, ಇಲ್ಲವೇ ಜಾಗ ಖಾಲಿ ಮಾಡು!”

“ತಪ್ಪಾಯಿತಮ್ಮಾ,” ಎಂದಿತು ಮರಕುಟಿಗ. “ಮನೆ ಕೊರೆಯುತ್ತಿದ್ದೇನೆ. ಬೇಕಾದರೆ ತಲೆ ಹಾಕಿ ನೋಡು, ಇನ್ನು ಸ್ವಲ್ಪವೇ ಉಳಿದಿದೆ.”

ಗೂಬೆ ಸಿಟ್ಟಿನಲ್ಲೇ ತಲೆ ತೂರಿಸಿತು. ಒಳಗೋಡೆಯ ತುಂಬ ಕೊಕ್ಕಿನ ಸಣ್ಣ ಸಣ್ಣ ಕಚ್ಚುಗಳು. ತನ್ನ ಪೊಟರೆಯಲ್ಲೂ ಇಂಥವೇ ಕಚ್ಚುಗಳಿದ್ದವು. ಹುಟ್ಟಿದಂದಿನಿಂದ ಅವಕ್ಕೆ ಒರಗಿ ಮಲಗಿದ್ದರೂ, ಮರವೇ ಹಾಗೆ ಬೆಳೆದಿದೆ ಎಂದುಕೊಂಡಿತ್ತು ಗೂಬೆ.

“ಹಾಗಾದರೆ ನನ್ನ ಮನೆ?” ಅದರ ದನಿ ಇಳಿದುಹೋಯಿತು.

“ನಮ್ಮ ಹಿರಿಯರು ಯಾರೋ ಕೊರೆದದ್ದಿರಬೇಕು. ಒಂದು ಸಲ ಮರಿ ಮಾಡಿ ನಾವು ಬಿಟ್ಟುಹೋಗುತ್ತೇವೆ. ಆಮೇಲೆ ಯಾರು ಬರುತ್ತಾರೋ ನಮಗೆ ತಿಳಿಯದು. ಇರಲಿ, ಈಗ ನಿಲ್ಲಿಸಲೇನಮ್ಮಾ?”

ಗೂಬೆ ಬೇಡವೆಂದು ತಲೆಯಾಡಿಸಿ ಕೆಳಗಿಳಿಯಿತು. ತನ್ನ ಮನೆಯ ಕಚ್ಚುಗಳ ಮೇಲೆ ಮೆಲ್ಲಗೆ ಕೆನ್ನೆಯಿಟ್ಟು, ಮೇಲಿನ ಸದ್ದು ಮತ್ತೆ ಶುರುವಾಗುವುದನ್ನೇ ಉಸಿರು ಬಿಗಿಹಿಡಿದು ಕಾಯತೊಡಗಿತು.