ಮೊಟ್ಟೆಯನ್ನು ಕೇಳಿದೆಯಾ?

ಮುಖದ ಮೇಲೆ ಬೆಳಕು ಎಲ್ಲಿಂದ ಬೀಳಬೇಕು? ಇದನ್ನು ಕಲಿಯಲು ಶಿಷ್ಯನೊಬ್ಬ ವರ್ಷವಿಡೀ ಗುರುವಿನ ಹಿಂದೆ ಬಿದ್ದಿದ್ದ. ಕೊನೆಗೆ ಅದನ್ನು ತೋರಿಸಿಕೊಟ್ಟವರು ಯಾರು, ಹೇಳಿ ನೋಡೋಣ?

ಗುರು ಎನ್ನುತ್ತೀರಿ. ಅಲ್ಲ. ಪುಸ್ತಕವೇ? ಅದೂ ಅಲ್ಲ. ಇರಲಿ, ಊಹಿಸುತ್ತಲೇ ಬನ್ನಿ.

ಹರಿಹರದಲ್ಲಿ, ಹೊಳೆಯ ಹತ್ತಿರ, ದಾದಾಪೀರ್ ಮಾಸ್ತರರ ಫೋಟೋ ಸ್ಟುಡಿಯೋ ಇತ್ತು. ಅಲ್ಲೊಂದು ಪದ್ಧತಿ. ಪ್ರತಿ ಫೋಟೋದ ಹಿಂದೆ ‘ಬೆಳಕು’ ಎಂದು ಬರೆದು, ದೀಪ ಹೊಂದಿಸಿದವರ ಹೆಸರು ಹಾಕಬೇಕು.

ಶಿಷ್ಯ ಚಿದಾನಂದನಿಗೆ ಅಲ್ಲಿ ತನ್ನ ಹೆಸರು ನೋಡುವ ಆಸೆ. ಮಾಸ್ತರರು ಅವನಿಗೆ ಕೊಟ್ಟದ್ದು ಒಂದು ಸ್ಟೂಲು, ಅದರ ಮೇಲೊಂದು ಬೇಯಿಸಿದ ಮೊಟ್ಟೆ.

“ಇದಕ್ಕೆ ಬೆಳಕು ಮಾಡು.”

ನಗಬೇಡಿ, ಮೊಟ್ಟೆಗೆ ಬೆಳಕು ಮಾಡುವುದು ಸುಲಭವಲ್ಲ. ಒಂದು ಕಡೆ ಹೊಳೆದರೆ ಇನ್ನೊಂದು ಕಡೆ ಮಸಿ. ಮೂರು ತಿಂಗಳು ಒದ್ದಾಡಿದ ಚಿದಾನಂದ ಒಂದು ದಿನ ಕೂಗಿದ:

“ಬಂತು ಮಾಸ್ತರ್ರೇ! ಎಲ್ಲೂ ನೆರಳೇ ಇಲ್ಲ!”

ಮಾಸ್ತರರು ಬಗ್ಗಿ ನೋಡಿದರು. “ಮೊಟ್ಟೆಯನ್ನ ಕೇಳಿದೆಯಾ?”

“ಮೊಟ್ಟೆ ಏನು ಹೇಳ್ತದೆ?”

ಮಾಸ್ತರರು ಮೊಟ್ಟೆ ಸುಲಿದು, ಉಪ್ಪು ಹಚ್ಚಿ ತಿಂದುಬಿಟ್ಟರು. “ನಾಳೆ ಇನ್ನೊಂದು ತಾ.”

ಹೀಗೇ ವರ್ಷ ಕಳೆಯಿತು.

ಒಂದು ಬೆಳಿಗ್ಗೆ ಅನ್ನಪೂರ್ಣ ಎಂಬ ಹುಡುಗಿ ತಂದೆಯ ಕೈ ಹಿಡಿದು ಒಳಗೆ ಬಂದಳು. ತಂದೆ ಓಂಕಾರಪ್ಪ, ಕುರ್ಚಿಗೆ ಬೆತ್ತ ಹೆಣೆಯುವವರು. ಹುಟ್ಟುಕುರುಡರು. ಮಗಳಿಗೆ ಮೀರಜಿನಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಸಂಜೆಯ ರೈಲಿಗೆ ಹೊರಡಬೇಕು.

“ಅಪ್ಪನ ಒಂದು ಫೋಟೋ ಬೇಕ್ರಿ. ಈ ತನಕ ತೆಗೆದೋರೆಲ್ಲ ಕುರುಡನ ಫೋಟೋ ತೆಗೆದು ಕೊಟ್ಟಾರ. ನನಗ ನಮ್ಮಪ್ಪ ಬೇಕು.”

“ಚಿದೂ,” ಎಂದರು ಮಾಸ್ತರರು, “ಇವತ್ತು ನೀನು ಮಾಡು.”

ಚಿದಾನಂದ ಪರದೆಗಳನ್ನು ಎಳೆದ. ಎಡಕ್ಕೊಂದು, ಬಲಕ್ಕೊಂದು, ಮೇಲೊಂದು, ಹಿಂದೊಂದು ದೀಪ ಹಾಕಿದ. ಬೆಳಕು ಅಳೆಯುವ ಮೀಟರ್ ಹಿಡಿದ. ಎಲ್ಲೂ ನೆರಳಿಲ್ಲ.

ಓಂಕಾರಪ್ಪ ಮೊಟ್ಟೆಯ ಅದೇ ಸ್ಟೂಲಿನ ಮೇಲೆ, ಗದ್ದ ಮೇಲೆತ್ತಿ, ಮುಖ ಕಿವುಚಿಕೊಂಡು ಕೂತರು.

“ಇದೇ ನೋಡ್ರಿ,” ಎಂದಳು ಅನ್ನಪೂರ್ಣ. “ಎಲ್ಲಾ ಫೋಟೋದಾಗೂ ಇದೇ ಮುಖ.”

“ಸ್ವಲ್ಪ ಸಡಿಲಾಗಿ ಕೂತ್ಕೊಳ್ಳಿ ಯಜಮಾನ್ರೇ.”

“ನಾಕೂ ಕಡೆಯಿಂದ ಬಿಸಿ ಬಡೀತೈತಿ ತಮ್ಮಾ. ಯಾವ ಕಡೆ ಮುಖ ಮಾಡ್ಲಿ ಅಂತಾನೇ ತಿಳೀವಲ್ದು.”

ಚಿದಾನಂದ ದೀಪಗಳನ್ನು ಸರಿಸಿದ. ಏರಿಸಿದ. ಇಳಿಸಿದ. ಆ ಮುಖ ಬದಲಾಗಲಿಲ್ಲ. ಅವನ ಅಂಗಿ ಬೆವರಿನಲ್ಲಿ ತೊಯ್ದಿತು.

“ಮಾಸ್ತರ್ರೇ, ಎಲ್ಲಿಡಲಿ?”

“ಸ್ಟೂಲಿನ ಮೇಲೆ ಕೂತಿರೋನು ನಾನೇನು?” ಎಂದು ಮಾಸ್ತರರು ಎದ್ದು, ಮೇನ್ ಸ್ವಿಚ್ ಆರಿಸಿಬಿಟ್ಟರು.

ಕತ್ತಲೆ. ಆ ಕತ್ತಲಲ್ಲಿ ಆರಾಮಾಗಿ ಕೂತವರು ಓಂಕಾರಪ್ಪ ಒಬ್ಬರೇ.

ಚಿದಾನಂದ ಅವರ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: “ಯಜಮಾನ್ರೇ, ನೀವು ಕೆಲಸಕ್ಕೆ ಕೂತಾಗ ಬಿಸಿಲು ಯಾವ ಕಡೆಯಿಂದ ಬರ್ತದೆ?”

“ಎಡಗೆನ್ನೀಗೆ. ಅಲ್ಲೇ ನಮ್ಮನಿ ಬಾಗಲು. ಬಿಸಿಲು ಗದ್ದಕ್ಕ ಬಂತು ಅಂದ್ರ ಬೆತ್ತ ಹಿಡೀತೀನಿ.”

ಚಿದಾನಂದ ಮೇನ್ ಸ್ವಿಚ್ ಹಾಕಿ, ಒಂದೇ ದೀಪ ಉಳಿಸಿಕೊಂಡ. ಅದರ ಮುಂದೆ ಬಿಳೀ ಪಂಚೆ ಕಟ್ಟಿ, ಎಡಕ್ಕೆ ತಂದು ಹಚ್ಚಿದ.

“ಇಷ್ಟಾ?”

“ಇನ್ನೂ ಕೆಳಗ.”

“ಈಗ?”

“ಒಂದು ಗೇಣು ಹಿಂದಕ್ಕ. ಇನ್ನೊಂಚೂರು. ಹಾಂ! ನಮ್ಮನಿ ಬಾಗಲು ಬಂತು ನೋಡು!”

ಗದ್ದ ತಾನಾಗಿಯೇ ಇಳಿಯಿತು. ಮುಖ ಆ ಬೆಚ್ಚಗಿನ ಕಡೆಗೆ ಹೊರಳಿತು. ಮಡಿಲಲ್ಲಿದ್ದ ಬೆರಳುಗಳು ಇಲ್ಲದ ಬೆತ್ತವನ್ನು ಹೆಣೆಯತೊಡಗಿದವು. ಬಲಗೆನ್ನೆಯ ಮೇಲೆ ಅಷ್ಟಗಲ ನೆರಳು ಬಿದ್ದಿತ್ತು. ಚಿದಾನಂದ ಅದನ್ನು ಮುಟ್ಟಲು ಹೋಗಲಿಲ್ಲ.

ಕ್ಲಿಕ್.

ಮಧ್ಯಾಹ್ನದ ಹೊತ್ತಿಗೆ ಪ್ರಿಂಟು ಒಣಗಿತು. ಅನ್ನಪೂರ್ಣ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ಹೆಂಗ ಬಂದೈತವ್ವಾ?” ಓಂಕಾರಪ್ಪ ಕೇಳಿದರು.

“ನಾನು ಸಾಲಿ ಬಿಟ್ಟು ಮನೀಗೆ ಬಂದಾಗ ನೀ ಕೂತಿರ್ತಿದ್ದೆಲ್ಲಪ್ಪಾ, ಹಂಗ,” ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾಸ್ತರರು ಫೋಟೋ ತೆಗೆದುಕೊಂಡು, ಬೋರಲು ಮಾಡಿ, ಪೆನ್ನನ್ನು ಶಿಷ್ಯನ ಮುಂದೆ ಹಿಡಿದರು. “ಬರಿ.”

ವರ್ಷವಿಡೀ ಕಾದಿದ್ದ ಪೆನ್ನು. ಚಿದಾನಂದ ಅದನ್ನು ತೆಗೆದುಕೊಂಡು ಒಂದು ಗಳಿಗೆ ನಿಂತ. ಆಮೇಲೆ ಬರೆದ: ‘ಬೆಳಕು: ಓಂಕಾರಪ್ಪ.’

ಮಾಸ್ತರರು ಕನ್ನಡಕ ಏರಿಸಿ ಓದಿದರು. ಎರಡು ಸಲ ಓದಿದರು.

“ತಾರೀಕು ಬಿಟ್ಟೆಯಲ್ಲೋ ಚಿದೂ. ಇದನ್ನ ಮರೀಬಾರದು. ಹಾಕು: ಸಾವಿರದ ಒಂಬೈನೂರ ಎಂಬತ್ತಮೂರು, ಮಾರ್ಚ್ ಒಂಬತ್ತು, ಬುಧವಾರ.”