ಗಾದಿಲಿಂಗನೂ ತೋಳಿನ ಯಂತ್ರವೂ

ಕಾಲುವೆಯ ಕೊನೆಗೊಂದು ಊರು, ಊರ ಕೊನೆಗೊಂದು ಮನೆ, ಆ ಮನೆಯಲ್ಲಿ ಹುಲಿಗೆವ್ವ. ಹುಲಿಗೆವ್ವನಿಗೆ ಒಬ್ಬನೇ ಮಗ, ಗಾದಿಲಿಂಗ. ಅವನಿಗೆ ಮೀಸೆ ಬಂದಿತ್ತು, ಮನೆಯ ಸಣ್ಣ ಟ್ರ್ಯಾಕ್ಟರ್ ಓಡಿಸುವುದೂ ಬಂದಿತ್ತು, ಬುದ್ಧಿಯೊಂದು ಬರಬೇಕಿತ್ತು. ಬಾಗಿಲು ನೋಡಿಕೋ ಎಂದರೆ ಬಾಗಿಲನ್ನೇ ನೋಡುತ್ತ ಕೂರುವನು. ಹಿಂಬಾಗಿಲಿಂದ ನಾಯಿ ಬಂದು ರೊಟ್ಟಿ ಒಯ್ದರೂ ಕಣ್ಣು ಕದಲಿಸನು.

ಆ ವರ್ಷ ಕಾಲುವೆ ಏರಿಯ ತುಂಬ ಜಾಲಿಕಂಟಿ ಬೆಳೆದು, ಹೊಲಕ್ಕೆ ನೀರು ಬರುವ ದಾರಿಯೇ ಮುಚ್ಚಿತ್ತು. ನೀರು ಬಿಡುವ ಹೊತ್ತು ಹತ್ತಿರವಾಗಿತ್ತು. ಆದರೆ ಏರಿಯ ಇಳಿಜಾರಿಗೆ ಮಗನನ್ನು ಇಳಿಸಲು ಹುಲಿಗೆವ್ವನಿಗೆ ಧೈರ್ಯವಿಲ್ಲ. ಅವಳ ಗಂಡ ಯಾರದೋ ಟ್ರ್ಯಾಕ್ಟರ್ ಓಡಿಸುತ್ತ ಅದೇ ಇಳಿಜಾರಿನಲ್ಲಿ ಉರುಳಿ, ಅದರ ಕೆಳಗೇ ಹೋಗಿಬಿಟ್ಟಿದ್ದ.

ಈಗ ಹೊಸದೊಂದು ಯಂತ್ರ ಬಂದಿದೆಯಂತೆ. ಟ್ರ್ಯಾಕ್ಟರ್ ದಾರಿಯ ಮೇಲೆಯೇ ಇರುತ್ತದೆ; ಹಿಂದೆ ಕಟ್ಟಿದ ಯಂತ್ರ ಉದ್ದನೆಯ ತೋಳು ಚಾಚಿ ಇಳಿಜಾರಿನ ಕಂಟಿಯನ್ನು ಕೊಚ್ಚುತ್ತದೆ. ಪೇಟೆಯ ಮೇಸ್ತ್ರಿ ಮೌಲಾಸಾಬನ ಹತ್ತಿರ ಬಾಡಿಗೆಗೆ ಸಿಗುತ್ತದೆ.

"ಗಾದಿ, ಪ್ಯಾಟಿಗೆ ಹೋಗು. ಸುಮ್ಮನ ಕಟಗೊಂಡು ಬರಬ್ಯಾಡ. ನಮ್ಮ ಗಾಡಿಗೂ ಆ ಯಂತ್ರಕ್ಕೂ ಕೂಡಿಬರತೈತೇನು, ಮೊದಲು ತಿಳಿದವರನ್ನ ಕೇಳು."

"ಹೂಂ ಬೇ, ಕೇಳ್ತೀನಿ."

ಕೂಡಿಬರುವುದು ಯಾರಿಗೆ ತಿಳಿದಿರುತ್ತದೆ? ಪಂಚಾಂಗದ ಅಯ್ಯನವರಿಗೆ. ಗಾದಿಲಿಂಗ ನೆಟ್ಟಗೆ ಅಲ್ಲಿಗೇ ಹೋದ.

"ಗಂಡಿನ ಹೆಸರೇನಪಾ?" ಎಂದರು ಅಯ್ಯನವರು.

"ಟ್ರ್ಯಾಕ್ಟರ್ ರೀ."

ಅಯ್ಯನವರಿಗೆ ಕಿವಿ ಮಂದ. "ತ್ರ್ಯಂಬಕ. ಚಲೋ ಹೆಸರು. ಹೆಣ್ಣು ಹೆಂಗದಾಳ?"

"ಉದ್ದನ್ನ ತೋಳು ರೀ. ತಿರುಗಾಕ ಹತ್ತಿದಳಂದ್ರ ಎದುರಿಗೆ ಬಂದಿದ್ದನ್ನೆಲ್ಲಾ ಕೊಚ್ಚತಾಳ."

ಅಯ್ಯನವರು ಗಾಬರಿಯಿಂದ ಪಂಚಾಂಗ ಮುಚ್ಚಿದರು. "ಈ ಸಂಬಂಧ ಬ್ಯಾಡಪಾ. ಹುಡುಗ ಉಳಿಯೂದಿಲ್ಲ."

ಬರಿಗೈಲಿ ಬಂದ ಮಗನ ಮಾತು ಕೇಳಿ ಹುಲಿಗೆವ್ವ ಹಣೆಗೆ ಕೈ ಹಚ್ಚಿ ಕುಂತಳು. "ನಕ್ಷತ್ರ ಅಲ್ಲೋ ಯಪ್ಪಾ, ತೂಕ ನೋಡಬೇಕು. ಯಂತ್ರ ಭಾರ ಇದ್ದು ಗಾಡಿ ಹಗರ ಇದ್ದರ, ಎತ್ತಿದ ಕೂಡಲೇ ಮುಂದಿನ ಗಾಲಿ ಮ್ಯಾಲೇಳತಾವ. ಇನ್ನೊಮ್ಮೆ ಹೋದಲ್ಲಿ ಮೊದಲು ತೂಕ ಕೇಳು."

"ಹೂಂ ಬೇ, ತೂಕ ಕೇಳ್ತೀನಿ."

ಇನ್ನೊಮ್ಮೆ ಹೋದದ್ದು ಪೇಟೆಗಲ್ಲ, ಹೆಣ್ಣು ನೋಡಲು. ಪಕ್ಕದೂರಿನ ಸಂಬಂಧ, ತಾನಾಗಿ ಬಂದಿತ್ತು. ಹುಡುಗಿ ಚಹಾ ತಂದಿಟ್ಟಳು. "ಏನಾರ ಕೇಳೂದಿದ್ದರ ಕೇಳಪಾ" ಎಂದ ಹುಡುಗಿಯ ಅಪ್ಪ.

"ತೂಕ ಎಷ್ಟು?" ಎಂದ ಗಾದಿಲಿಂಗ. "ಎತ್ತಿದರ ನಮ್ಮ ಮುಂದಿನ ಗಾಲಿ ಮ್ಯಾಲೇಳಬಾರದು, ಅದಕ್ಕ ಕೇಳಿದೆ."

ಮನೆ ತುಂಬ ಇದ್ದ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿ ಮಾತ್ರ ಅವನನ್ನು ಕೆಳಗಿಂದ ಮೇಲೆ ನೋಡಿದಳು. "ನಿಮ್ಮ ತಲೀದು ಎಷ್ಟೈತ್ರಿ? ಖಾಲಿದನ್ನೂ ತೂಗ್ತಾರೇನು?"

ದಾರಿಯುದ್ದಕ್ಕೂ ಹುಲಿಗೆವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಬಂದಳು. "ಮಾನ ಕಳದಿ. ಹೊರಗ ಹೋದಾಗ ಕೈ ಕಟಗೊಂಡು ಸುಮ್ಮನ ಕುಂಡ್ರಬೇಕೋ. ಮನಿ ಮುಟ್ಟೂತನ ಬಿಚ್ಚಬಾರದು."

"ಹೂಂ ಬೇ, ಬಿಚ್ಚೂದಿಲ್ಲ."

ಮರುದಿನ ಟ್ರ್ಯಾಕ್ಟರ್ ಸಮೇತ ಪೇಟೆಗೆ ಹೋದ. ಪುಣ್ಯಕ್ಕೆ ಮೌಲಾಸಾಬ ತಿಳಿದವನು. ದೊಡ್ಡ ಯಂತ್ರ ಬೇಡವೆಂದು, ಸಣ್ಣ ಗಾಡಿ ಹೊರಬಲ್ಲ ಗಿಡ್ಡ ತೋಳಿನದನ್ನೇ ಹುಡುಕಿ ಕಟ್ಟಿದ. ಮುಂದೆ ಕಬ್ಬಿಣದ ಭಾರ ಹಾಕಿದ. ತೋಳು ಮಡಚಿ ಗೂಟ ಜಡಿದ. ಗಾದಿಲಿಂಗ ಹತ್ತಿ ಕುಂತ, ಗಾಡಿ ಬಿಟ್ಟ, ಕೈ ಕಟ್ಟಿಕೊಂಡ.

ದಾರಿ ನೆಟ್ಟಗಿದ್ದಷ್ಟೂ ಹೊತ್ತು ನಡೆಯಿತು. ಊರ ಮುಂದೆ ತಿರುವು ಬಂತು. ದಾರಿ ತಿರುಗಿತು, ಗಾಡಿ ತಿರುಗಲಿಲ್ಲ. ಕೈ ಕಟ್ಟಿ, ದೊಡ್ಡ ಮನುಷ್ಯನ ಹಾಗೆ ಮುಂದೆ ನೋಡುತ್ತ ಮಗ ಸೀದಾ ಹುಲ್ಲಿನ ಬಣವೆಯೊಳಗೆ ಹೋದದ್ದನ್ನು ಹುಲಿಗೆವ್ವ ಕಣ್ಣಾರೆ ಕಂಡಳು.

ಯಂತ್ರ ನಡೆಸುವುದನ್ನು ಹೇಳಿಕೊಡಲು ಹಿಂದೆಯೇ ಮೋಟರ್ ಸೈಕಲ್ಲಿನಲ್ಲಿ ಬಂದ ಮೌಲಾಸಾಬ ಅವನ ಕಾಲು ಹಿಡಿದು ಹೊರಗೆಳೆದ. "ಮಡಚಬೇಕಾದ್ದು ಯಂತ್ರದ ತೋಳು, ನಿಂದಲ್ಲೋ ಮಾರಾಯ. ಇಲ್ಲಿ ಕೇಳು. ತೋಳು ಎಡಕ್ಕ ಚಾಚಿದರ ಗಾಡಿ ಎಡಕ್ಕ ವಾಲತೈತಿ, ಗಾಡಿ ಬಲಗಡೆ ಗಾಲಿಗೆ ಭಾರ ಕಟ್ಟು. ಮಟ್ಟಸ ದಾರಿ ಬಿಟ್ಟು ಅಂಚಿಗೆ ಹೋಗಬ್ಯಾಡ. ಮತ್ತ ಯಂತ್ರ ತಿರುಗೂವಾಗ ಹತ್ತಿರ ಒಂದು ನರಪಿಳ್ಳೆನೂ ಇರಬಾರದು. ಕಲ್ಲು ಚಿಮ್ಮಿದರ ಗುಂಡು ಹೊಡದಂಗ. ಎಲ್ಲಾರನ್ನೂ ದೂರ ಕಳಸು."

"ಯಾರೇ ಇದ್ದರೂ?"

"ಯಾರೇ ಇದ್ದರೂ."

"ಹೂಂ ಮಾವ, ಕಳಸ್ತೀನಿ."

ಬೆಳಗಾಯಿತು. ಗಾದಿಲಿಂಗ ಗಾಡಿಯ ಬಲಗಡೆ ಗಾಲಿಗೆ ಭಾರ ಕಟ್ಟಿದ. ಮಟ್ಟಸ ದಾರಿಯಲ್ಲಿ ಗಾಡಿ ನಿಲ್ಲಿಸಿದ. ಆಡು ಕಾಯುವವರನ್ನು ಕಳಿಸಿದ, ಆಡುಗಳನ್ನು ಕಳಿಸಿದ, ಅವ್ವನನ್ನೂ ದೂರದ ಬೇವಿನ ಮರದ ಕೆಳಗೆ ಕಳಿಸಿದ. ತೋಳು ಚಾಚಿತು, ಯಂತ್ರ ತಿರುಗಿತು, ಗಾಡಿ ಹೊರಟಿತು. ಜಾಲಿ ಪುಡಿಪುಡಿಯಾಗಿ ಬೀಳತೊಡಗಿತು. ಎದ್ದ ಧೂಳಿನಲ್ಲಿ ಗಾಡಿ ಅರ್ಧ ಕಂಡರೆ ಅರ್ಧ ಕಾಣದು. ಮಗ ದಾರಿ ಬಿಟ್ಟು ಇಳಿಯಲಿಲ್ಲವಲ್ಲ ಎಂದು ಹುಲಿಗೆವ್ವ ಎಷ್ಟೋ ವರ್ಷಗಳ ಮೇಲೆ ಆ ಏರಿಯ ಕಡೆ ನೆಟ್ಟಗೆ ನೋಡಿದಳು.

ಆಗ ಕಾಲುವೆಯ ತಿರುವು ಬಂತು. ಏರಿ ತಿರುಗಿತು, ಗಾಡಿ ತಿರುಗಲಿಲ್ಲ. ಅಂಚು ದಾಟಿತು, ವಾಲಿತು, ಮಗುಚಿ ಕಾಲುವೆಯ ಕೆಸರಿಗೆ ಬಿತ್ತು. ಸದ್ದು ನಿಂತುಹೋಯಿತು.

ಹುಲಿಗೆವ್ವ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. "ನನ್ನ ಗಾದಿ ಗಾಡಿ ಕೆಳಗ ಸಿಕ್ಕಾನ, ಹುಡುಕ್ರೋ" ಎಂದು ಕೂಗಿ ಅಂಚಿನಲ್ಲೇ ಕುಸಿದಳು. ಹೊಲದಲ್ಲಿದ್ದವರೆಲ್ಲ ಓಡಿಬಂದು ಕೆಸರಿಗೆ ಧುಮುಕಿದರು. ಅವರೆಲ್ಲರಿಗಿಂತ ಮೊದಲು ಧುಮುಕಿದವನೊಬ್ಬ ಎದೆಮಟ್ಟ ಕೆಸರಿನಲ್ಲಿ ಗಾಡಿಯ ಕೆಳಗೆಲ್ಲ ಕೈಯಾಡಿಸುತ್ತ, ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ. "ಗಾದಿಲಿಂಗಾ, ಎಲ್ಲಿದ್ದೀಯಲೇ? ಅವ್ವ ಕರಿಯಾಕ ಹತ್ತ್ಯಾಳ, ಓ ಅನ್ನೋ."

ಆ ದನಿ ಹುಲಿಗೆವ್ವನ ಕಿವಿಗೆ ಬಿತ್ತು. ತಲೆ ಎತ್ತಿದಳು. ಅವನ ಮೈಯೆಲ್ಲ ಕೆಸರು, ಕಣ್ಣು ಮಾತ್ರ ಕಾಣುತ್ತಿತ್ತು.

"ನೀ ಗಾಡಿ ಮ್ಯಾಲೆ ಇರಲಿಲ್ಲೇನೋ?"

"ಯಾರೇ ಇದ್ದರೂ ದೂರ ಕಳಸು ಅಂದಿದ್ದ ಮಾವ. ಎಲ್ಲಾರನ್ನೂ ಕಳಿಸಿದ ಮ್ಯಾಲೆ ನೋಡಿದೆ, ನಾನೊಬ್ಬ ಉಳಿದಿದ್ದೆ. ಇಳಿದು ದೂರ ಹೋದೆ." ಮೂಗು ಒರೆಸಿಕೊಂಡ. "ಆದರ ಗಾದಿ ಗಾಡಿ ಕೆಳಗ ಇಲ್ಲ ಬೇ. ಎಲ್ಲಾ ಕಡೆ ನೋಡಿದೆ."

ಹುಲಿಗೆವ್ವ ಬೈಯಲಿಲ್ಲ. ಬುದ್ಧಿಯನ್ನೂ ಹೇಳಲಿಲ್ಲ. ಅವನ ಕೆಸರುಗೈ ಹಿಡಿದುಕೊಂಡಳು. "ಇಲ್ಲೇನು? ಹಂಗಾದರ ಮನಿಗೆ ಹೋಗಿರಬೇಕು, ನಡಿ."

ಮನೆಗೆ ಬಂದು ಅವನು ಒಳಕೋಣೆ, ಹಿತ್ತಲು, ಕಣಜದ ಹಿಂದೆ ಎಲ್ಲ ಇಣುಕಿದ. ಆಮೇಲೆ ತಟ್ಟೆಯ ಮುಂದೆ ಕುಂತ, ಬಾಗಿಲ ಕಡೆ ನೋಡುತ್ತ ಹೇಳಿದ:

"ಅವನಿಗೂ ಒಂದು ರೊಟ್ಟಿ ತೆಗೆದಿಡು ಬೇ. ಬೆಳಗಿಂದ ಏನೂ ತಿಂದಿಲ್ಲ."

ಹುಲಿಗೆವ್ವ ಒಂದು ರೊಟ್ಟಿ ತೆಗೆದು ಅದೇ ತಟ್ಟೆಗೆ ಹಾಕಿದಳು.