ಅರಸ ಕೊಟ್ಟ ಹೆಂಟೆ

“ಕೊಡುವಾಗ ಒಂದು ಹಿಡಿ, ಇಟ್ಟುಕೊಂಡರೆ ಹನ್ನೆರಡು ಊರು, ಹಿಂದಕ್ಕೆ ಕೊಟ್ಟರೆ ಮತ್ತೆ ಒಂದೇ ಹಿಡಿ. ಏನದು?” ಎಂದು ಗುರುಗಳು ಕೇಳಿದರು.

ಶಿಷ್ಯ ತಲೆ ಕೆರೆದುಕೊಂಡ. “ನಾನು ಕೇಳಿದ್ದು ಬೇರೆ, ಗುರುಗಳೇ. ಹಿಂದೆ ಯುರೋಪಿನ ಫ್ರಾಂಕರ ನಾಡಿನಲ್ಲಿ ಅರಸನ ಕುದುರೆ ಸವಾರರೆಲ್ಲ ದೊಡ್ಡ ಮನೆತನದವರಾದದ್ದು ಹೇಗೆ ಅಂತ. ನೀವು ನೋಡಿದರೆ ಒಗಟು ಹಾಕುತ್ತೀರಿ.”

“ಎರಡಕ್ಕೂ ಉತ್ತರ ಒಂದೇ,” ಎಂದು ಗುರುಗಳು ಕತೆ ತೆಗೆದರು.

ಆ ನಾಡಿನಲ್ಲಿ ಒಬ್ಬ ಅರಸನಿದ್ದ. ಕಾದಾಡುವವರಿಗೆ ಕೊಡಲು ಅವನ ಬಳಿ ನೆಲ ಬಿಟ್ಟರೆ ಬೇರೇನೂ ಇರಲಿಲ್ಲ. ಒಬ್ಬ ಸವಾರನನ್ನು ಕರೆದು, ನೆಲದಿಂದ ಒಂದು ಹೆಂಟೆ ಮಣ್ಣು ಕಿತ್ತು ಅವನ ಅಂಗೈಯಲ್ಲಿಟ್ಟ. ನೆಲ ಕೊಡುವ ಪದ್ಧತಿ ಅಲ್ಲಿ ಹಾಗೆ. “ನೀನಿರುವ ತನಕ ಹನ್ನೆರಡು ಊರು ನಿನ್ನವು. ಸತ್ತ ಮೇಲೆ ಈ ಹೆಂಟೆ ನನ್ನ ಕೈಗೆ ಬರಬೇಕು” ಎಂದ. ಸವಾರ ಹಾಗೇ ಆಗಲೆಂದು ಮಾತು ಕೊಟ್ಟ.

ಕೆಲವು ವರ್ಷಗಳಾದ ಮೇಲೆ ಸವಾರ ಕುದುರೆಯಿಂದ ಬಿದ್ದು ಸತ್ತ.

ಅವನ ಹೆಂಡತಿ ಗೋಡೆಯ ಗೂಡಿನಿಂದ ಹೆಂಟೆ ಇಳಿಸಿ ನೋಡಿದಳು. ಕೊಟ್ಟರೆ ಮನೆ ಹೋಯಿತು, ಹೊಲ ಹೋಯಿತು, ಮಗ ಕಂಡವರ ಕುದುರೆಗೆ ಹುಲ್ಲು ಹಾಕಬೇಕು. ಕೊಡದಿದ್ದರೆ ಗಂಡನ ಮಾತು ಹೋಯಿತು. ಕೊಡಲೇಬೇಕು, ಸರಿ. ಆದರೆ ಒಬ್ಬಳೇ ಹೋಗಿ ಕೊಡಬೇಕೆಂದು ಯಾರೂ ಹೇಳಿರಲಿಲ್ಲವಲ್ಲ!

ಗಂಡನ ಕೈಕೆಳಗಿದ್ದ ನಲವತ್ತು ಸವಾರರನ್ನೂ ಹೊರಡಿಸಿದಳು. ಎಲ್ಲರ ಮುಂದೆ, ತಂದೆಯ ಕುದುರೆಯ ಮೇಲೆ ಮಗ.

“ಹೆಂಟೆ ತಂದಿದ್ದೀಯಾ?” ಎಂದ ಅರಸ.

“ತಗೊಳ್ಳಿ, ದೊರೆಗಳೇ,” ಎಂದು ಅವನ ಅಂಗೈಯಲ್ಲಿಟ್ಟಳು. “ಇವರನ್ನೂ ತಗೊಳ್ಳಿ. ಇಷ್ಟು ದಿನ ಆ ಹನ್ನೆರಡು ಊರಿನ ಬೆಳೆ ಉಂಡರು. ಇವತ್ತಿನಿಂದ ಊಟ ನಿಮ್ಮಲ್ಲೇ.”

ಅರಸ ನಲವತ್ತು ಮುಖ ನೋಡಿದ. ನಲವತ್ತು ಕುದುರೆಗಳ ಬಾಯಿಯನ್ನೂ ನೋಡಿದ. “ಇವರು ತುಂಬಾ ತಿನ್ನುತ್ತಾರಾ?” ಎಂದು ಮೆಲ್ಲಗೆ ಕೇಳಿದ.

“ಕುದುರೆಗಳೇ ವಾಸಿ. ಹೊಟ್ಟೆ ತುಂಬಿದರೆ ನಿಲ್ಲಿಸುತ್ತವೆ.”

ಗಡಿಯಲ್ಲಿ ಶತ್ರು ಬಂದು ಕೂತಿದ್ದ. ನಲವತ್ತು ಜನರನ್ನು ಬಿಡುವಂತಿಲ್ಲ, ಸಾಕುವಂತೆಯೂ ಇಲ್ಲ. ಅರಸ ಹೆಂಟೆಯನ್ನು ಮಗನ ಕೈಗೆ ದಾಟಿಸಿ, “ನೀನಿರುವ ತನಕ ಮಾತ್ರ” ಎಂದ. ಸವಾರನ ಮಾತು ಉಳಿಯಿತು. ಹೆಂಟೆ ಅರಸನ ಕೈಗೆ ಬಂದೇ ಬಂದಿತ್ತು, ಒಂದು ಸೀನು ಸೀನುವಷ್ಟು ಹೊತ್ತು.

ಸವಾರನ ಮೊಮ್ಮಗನ ಕಾಲಕ್ಕೆ ಅದನ್ನು ಅರಸನ ಬಳಿಗೆ ಹಿಡಿದುಕೊಂಡು ಹೋಗುವ ತಾಪತ್ರಯವೂ ತಪ್ಪಿತು. ಅವನು ಗುಡ್ಡದ ಮೇಲೆ ಸನ್ಯಾಸಿಗಳಿಗೊಂದು ಮಠ ಕಟ್ಟಿಸಿ, ಹೆಂಟೆಯನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟ. ಈ ಮನೆತನದ ಮೂಲಪುರುಷನಿಗೆ ಹೆಂಟೆ ಕೊಟ್ಟವನು ದೇವದೂತ ಎಂದು ಮಠದವರು ಬರೆದಿಟ್ಟರು.

ಒಂದು ದಿನ ಅರಸನ ಮೊಮ್ಮಗ ರಾಜ್ಯ ಕಳೆದುಕೊಂಡು ಆ ಮನೆಯ ಬಾಗಿಲಿಗೇ ಬಂದ. ಸವಾರನ ಮೊಮ್ಮಗ ಕರಡಿಗೆ ತೆರೆದು, ಹೆಂಟೆಯಿಂದ ಒಂದು ಚೂರು ಮುರಿದು ಅವನ ಅಂಗೈಯಲ್ಲಿಟ್ಟು, “ನೀವಿರುವ ತನಕ ಮಾತ್ರ” ಎಂದ.

ಶಿಷ್ಯ ಬಿದ್ದು ಬಿದ್ದು ನಕ್ಕ. “ಕೊನೆಯದು ನಿಜವಾ, ಗುರುಗಳೇ?”

“ಕತೆಯ ಕೊನೆಯನ್ನು ನಾನು ಕಟ್ಟಿದೆ, ಮಗೂ, ತಮ್ಮ ಮೊದಲನ್ನು ಆ ಮನೆತನದವರು ಕಟ್ಟಿದ ಹಾಗೆ.”